ಎದೆಯ ಗಂಟು: ಚಿಂತಾಮಣಿಯ ಒಪಿಡಿಯಲ್ಲಿ ಒಂದು ಸೋಮವಾರ

ಸೋಮವಾರದ ಸರ್ಜರಿ ಒಪಿಡಿಗೆ ಚಿಂತಾಮಣಿ ಪೇಟೆಯವರಿಗಿಂತ ಸುತ್ತಲ ಹಳ್ಳಿಯವರೇ ಹೆಚ್ಚು. ಶಿಡ್ಲಘಟ್ಟ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯ ಬಸ್ಸುಗಳು ಬಂದು ನಿಂತ ಮೇಲೆ ಸಾಲು ಉದ್ದವಾಗುತ್ತದೆ. ಹರ್ನಿಯಾದವರು, ಮೂಲವ್ಯಾಧಿಯವರು, ಕಾಲು ಹುಣ್ಣಿನವರು ತಮ್ಮ ತೊಂದರೆಯನ್ನು ಬಾಗಿಲಲ್ಲೇ ಹೇಳಿಕೊಂಡು ಬರುತ್ತಾರೆ. ಎದೆಯ ತೊಂದರೆಯವರು ಮಾತ್ರ ಚೀಟಿಯಲ್ಲಿ ‘ಸುಸ್ತು’ ಅಂತಲೋ ‘ಕೈ ಸೆಳೆತ’ ಅಂತಲೋ ಬರೆಸಿರುತ್ತಾರೆ. ಪರದೆ ಎಳೆದು, ಜೊತೆಗೆ ಬಂದ ಗಂಡಸರನ್ನು ಆಚೆ ಕೂರಿಸಿ, ಸಿಸ್ಟರ್ ಪಕ್ಕಕ್ಕೆ ಬಂದು ನಿಂತ ಮೇಲೆ ನಿಜವಾದ ವಿಷಯ ಹೊರಬರುತ್ತದೆ.

ಹೀಗೆ ಬರುವವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಕ್ಯಾನ್ಸರ್ ಅಲ್ಲದ ತೊಂದರೆಯೂ ಕೈಮೀರುವುದುಂಟು. ಹಾಗೆ ಕೈಮೀರಿದ ಕೇಸುಗಳ ಹಿಂದೆ ಹೆಚ್ಚಿನ ಸಲ ಯಾರದೋ ಅವಸರದ ಕೈ ಇರುತ್ತದೆ. ಒಬ್ಬರು ಹಿಂಡಿರುತ್ತಾರೆ, ಒಬ್ಬರು ತಿಕ್ಕಿರುತ್ತಾರೆ, ಇನ್ನೊಬ್ಬರು ಪರೀಕ್ಷೆಗೂ ಮೊದಲೇ ಕತ್ತರಿಸಿರುತ್ತಾರೆ. ಆ ಸೋಮವಾರದ ಸಾಲಿನಲ್ಲಿ ಇದರ ಎಲ್ಲ ಬಗೆಯೂ ಇತ್ತು.

ಮೊದಲು ಬಂದದ್ದು ಗುಡಿಬಂಡೆ ಕಡೆಯ ಹುಡುಗಿ. 21 ವರ್ಷ, ಬಿ.ಕಾಂ. ಓದುತ್ತಿದ್ದಾಳೆ. ಸ್ನಾನ ಮಾಡುವಾಗ ಎಡಗಡೆ ಏನೋ ಕೈಗೆ ಸಿಕ್ಕಿದೆ.

“ನೋವಿದ್ಯೇನಮ್ಮ?”

“ಇಲ್ಲ ಮೇಡಂ. ಒತ್ತಿದ್ರೆ ಜಾರಿಕೊಂಡು ಹೋಗುತ್ತೆ.”

ಅಮ್ಮ ನಡುವೆ ಬಾಯಿ ಹಾಕಿದರು. “ತೆಗೆದ್ಬಿಡಿ ಮೇಡಂ. ನಾಳೆ ಮದುವೆ ಮಾಡೋ ಹುಡುಗಿ.”

ತೆಗೆಯುವ ಮಾತು ಆಮೇಲೆ. ಮೊದಲು ಕೂರಿಸಿ ಬರೀ ಕಣ್ಣಲ್ಲಿ ನೋಡಬೇಕು. ಕೈ ತೊಡೆಯ ಮೇಲಿದ್ದಾಗ ಒಂದು ಸಲ, ತಲೆ ಮೇಲೆ ಎತ್ತಿದಾಗ ಒಂದು ಸಲ, ಸೊಂಟಕ್ಕೆ ಕೈ ಇಟ್ಟು ಒತ್ತಿ ಹಿಡಿದಾಗ ಒಂದು ಸಲ. ಈ ಮೂರನೆಯದನ್ನು ಬಿಡುವವರೇ ಹೆಚ್ಚು. ಎದೆಯ ಸ್ನಾಯು ಬಿಗಿಯಾದಾಗಲೇ ಚರ್ಮದ ಸಣ್ಣ ಕುಳಿ ಕಾಣುವುದು. ಆಮೇಲೆ ಮಲಗಿಸಿ, ಆ ಕಡೆಯ ಭುಜದಡಿ ಮಡಿಸಿದ ಬೆಡ್‌ಶೀಟ್ ಕೊಟ್ಟು, ಕೈಯನ್ನು ತಲೆಯಡಿ ಇರಿಸಬೇಕು. ಆಗ ಸ್ತನ ಎದೆಗೂಡಿನ ಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ತೊಂದರೆ ಇಲ್ಲದ ಕಡೆಯಿಂದ ಶುರು ಮಾಡಿದರೆ ಆಕೆಯ ಸಹಜ ಅಂಗಾಂಶ ಹೇಗಿದೆ ಅಂತ ಕೈಗೆ ಗೊತ್ತಾಗುತ್ತದೆ. ನಡುವಿನ ಮೂರು ಬೆರಳುಗಳ ಮೆತ್ತನೆ ಭಾಗದಿಂದ ಸಣ್ಣ ಸುತ್ತು ಹಾಕುತ್ತಾ, ಕೊರಳೆಲುಬಿನಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ನಡು ಎದೆಯಿಂದ ಕಂಕುಳವರೆಗೆ ಒಂದು ಜಾಗವನ್ನೂ ಬಿಡದೆ ಹೋಗಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿಂಡಿದರೆ ಯಾರ ಎದೆಯಲ್ಲಾದರೂ ಗಂಟು ಸಿಗುತ್ತದೆ. ಮನೆಯಲ್ಲಿ ನೋಡಿಕೊಂಡು ಗಾಬರಿಯಾಗಿ ಬರುವವರಲ್ಲಿ ಎಷ್ಟೋ ಮಂದಿ ಹೀಗೆ ಹಿಂಡಿ ನೋಡಿಕೊಂಡವರೇ. ಮನೆಯಲ್ಲಿ ನೋಡಿಕೊಳ್ಳುವವರು ಮುಟ್ಟಾದ ಮೊದಲ ದಿನದಿಂದ ಎಣಿಸಿ 7ರಿಂದ 10ನೇ ದಿನದೊಳಗೆ ನೋಡಿಕೊಳ್ಳುವುದು ಒಳ್ಳೆಯದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಸ್ತನ ಅವರೆಕಾಳು ತುಂಬಿದ ಬಟ್ಟೆಚೀಲ ಇದ್ದಂತೆ ಇರುತ್ತದೆ, ಯಾವ ಕಾಳು ಹೊಸದು ಅಂತ ಹೇಳಲಾಗದು.

ಹುಡುಗಿಯ ಗಂಟು ಸುಮಾರು 2 ಸೆಂ.ಮೀ., ನುಣುಪು, ರಬ್ಬರಿನ ಗಟ್ಟಿತನ, ಬೆರಳಡಿ ಅತ್ತಿತ್ತ ಓಡುತ್ತದೆ. ಕಂಕುಳಲ್ಲಿ ಏನೂ ಇಲ್ಲ. 15ರಿಂದ 35ರ ವಯಸ್ಸಿನಲ್ಲಿ ಹೀಗೆ ಸಿಗುವ ಗಂಟು ಹೆಚ್ಚಾಗಿ ಫೈಬ್ರೋಅಡೆನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಆದರೂ ಕೈಯ ಮಾತನ್ನೇ ನಂಬಿ ಬಿಡುವಂತಿಲ್ಲ. ಕೈ, ಸ್ಕ್ಯಾನ್, ಬೇಕಾದರೆ ಸೂಜಿ (ಗಂಟಿನಿಂದ ಸ್ವಲ್ಪ ತೆಗೆದು ಲ್ಯಾಬಿನಲ್ಲಿ ನೋಡುವುದು), ಈ ಮೂರೂ ಒಂದೇ ಮಾತು ಹೇಳಬೇಕು. 40ರೊಳಗಿನವರಿಗೆ ಮೊದಲು ಅಲ್ಟ್ರಾಸೌಂಡ್. ಅದಕ್ಕೆ ಮೇಲ್ಪಟ್ಟವರಿಗೆ ಮ್ಯಾಮೋಗ್ರಾಂ ಜೊತೆಗೆ ಅಲ್ಟ್ರಾಸೌಂಡ್. ಎಳೆಯ ವಯಸ್ಸಿನ ಸ್ತನ ಮ್ಯಾಮೋಗ್ರಾಂನಲ್ಲಿ ಪೂರಾ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೇ ಇರುತ್ತದೆ, ಹಾಗಾಗಿ ಹುಡುಗಿಯರಿಗೆ ಅದನ್ನು ಮಾಡಿಸಿ ಫಲವಿಲ್ಲ.

ಮಧ್ಯಾಹ್ನಕ್ಕೆ ಸ್ಕ್ಯಾನ್ ರಿಪೋರ್ಟು ಬಂತು. ಅಂಡಾಕಾರ, ಅಂಚು ಸ್ಪಷ್ಟ, ಎತ್ತರಕ್ಕಿಂತ ಅಗಲ ಹೆಚ್ಚು, ಬೈರಾಡ್ಸ್ 3. ರಿಪೋರ್ಟಿನಲ್ಲಿ ಓದಬೇಕಾದದ್ದು ಈ ಅಗಲ–ಎತ್ತರದ ಲೆಕ್ಕ. ಚರ್ಮಕ್ಕೆ ಸಮವಾಗಿ ಮಲಗಿದ ಗಂಟು ಸಾಮಾನ್ಯವಾಗಿ ಸಾಧು, ಅಂದರೆ ಕ್ಯಾನ್ಸರ್ ಅಲ್ಲ. ಪದರಗಳನ್ನು ಸೀಳಿಕೊಂಡು ನಿಂತದ್ದರ ಮೇಲೆ ಅನುಮಾನ. ಬೈರಾಡ್ಸ್ ಅನ್ನುವುದು ರೇಡಿಯಾಲಜಿಸ್ಟ್ ಕೊಡುವ ಅಂಕಿ. 2 ಅಂದರೆ ಖಚಿತವಾಗಿ ಸಾಧು. 3 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಕಾದು ನೋಡಬಹುದು. 4 ಮತ್ತು 5 ಅಂದರೆ ಸೂಜಿ ಹಾಕಲೇಬೇಕು. ರೋಗದ ಹಂತ ಅಂದರೆ ಸ್ಟೇಜು ಬೇರೆ, ಈ ಅಂಕಿ ಬೇರೆ. ‘ಮೂರು’ ಅಂತ ಬರೆದದ್ದನ್ನು ನೋಡಿ ಮೂರನೇ ಸ್ಟೇಜ್ ಅಂದುಕೊಂಡು ಅತ್ತವರಿದ್ದಾರೆ, ಹಾಗಾಗಿ ರಿಪೋರ್ಟು ಕೈಗೆ ಕೊಡುವಾಗಲೇ ಇದನ್ನು ಹೇಳಿಬಿಡಬೇಕು.

ಈ ಹುಡುಗಿಗೆ 6 ತಿಂಗಳಿಗೆ, 12 ತಿಂಗಳಿಗೆ, 24 ತಿಂಗಳಿಗೆ ಸ್ಕ್ಯಾನ್ ಸಾಕು. ಆಗುವುದಾದರೆ ಒಂದೇ ಕಡೆ, ಹಳೆಯ ರಿಪೋರ್ಟು ಜೊತೆಗಿಟ್ಟುಕೊಂಡು. 6 ತಿಂಗಳಲ್ಲಿ ಅಳತೆ ಐದನೇ ಒಂದು ಪಾಲಿಗಿಂತ ಹೆಚ್ಚು ಬೆಳೆದರೆ ಸೂಜಿ. 3 ಸೆಂ.ಮೀ. ದಾಟಿದರೆ, ಬೆಳೆಯುತ್ತಲೇ ಇದ್ದರೆ, ಸೂಜಿಯ ವರದಿ ಅನುಮಾನ ಮೂಡಿಸಿದರೆ, ಅಥವಾ ಆಕೆಗೇ ಇರುವುದು ಬೇಡ ಅನ್ನಿಸಿದರೆ ತೆಗೆಯುವುದು. ಸಾಧ್ಯವಿದ್ದ ಕಡೆ ತೊಟ್ಟಿನ ಸುತ್ತಲ ಕಪ್ಪಂಚಿನಲ್ಲೇ ಗೀರು ಹಾಕಿದರೆ ಕಲೆ ಕಾಣುವುದಿಲ್ಲ. ಗರ್ಭಿಣಿಯಾದಾಗ ಕೆಲವು ಫೈಬ್ರೋಅಡೆನೋಮಾ ದೊಡ್ಡದಾಗುತ್ತವೆ, ಮುಟ್ಟು ನಿಂತ ಮೇಲೆ ಹೆಚ್ಚಿನವು ಕುಗ್ಗುತ್ತವೆ. ಹಾಲುಣಿಸಲು ಅಡ್ಡಿಯಿಲ್ಲ. ಖಚಿತವಾಗಿ ಕರಗಿಸುವ ಮಾತ್ರೆ ಯಾವುದೂ ಇಲ್ಲ. ಅಮ್ಮನಿಗೆ ಇಷ್ಟನ್ನೂ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: “ಹಾಗಾದ್ರೆ ಗಂಡಿನ ಮನೆಯವರಿಗೆ ಹೇಳ್ಬೇಕಾ?” ಇದಕ್ಕೆ ಬೈರಾಡ್ಸ್‌ನಲ್ಲಿ ಉತ್ತರವಿಲ್ಲ. ಹುಡುಗಿ ಮಾತ್ರ “ಅದು ನನ್ನಿಷ್ಟ ಬಿಡಮ್ಮ” ಅಂದಳು.

ಫೈಬ್ರೋಅಡೆನೋಮಾದ ವೇಷ ಹಾಕುವ ಇನ್ನೊಂದು ಗಡ್ಡೆ ಇದೆ, ಫಿಲ್ಲೋಡಿಸ್. ಅದೇ ಸಾಲಿನಲ್ಲಿ ಕೈವಾರ ಕಡೆಯ 45ರ ಹೆಂಗಸೊಬ್ಬರಿಗೆ ನಾಲ್ಕು ತಿಂಗಳಲ್ಲಿ 8 ಸೆಂ.ಮೀ. ಬೆಳೆದಿತ್ತು, ಚರ್ಮ ಬಿಗಿದು ಹೊಳೆಯುತ್ತಿತ್ತು, ಮೇಲೆ ನೀಲಿ ನರಗಳು. ಎರಡು ವರ್ಷದ ಹಿಂದೆ ಇದೇ ಜಾಗದ ಗಂಟನ್ನು ಬೇರೆಲ್ಲೋ ತೆಗೆಸಿದ್ದರು. ತೆಗೆದ ಗಡ್ಡೆಯ ವರದಿ ಎಲ್ಲಿ ಅಂದರೆ, “ಬಾಟ್ಲಲ್ಲಿ ತೋರಿಸಿದ್ರು ಮೇಡಂ, ಆಮೇಲೆ ಎಸೆದ್ರು” ಅಂದರು. ಫೈಬ್ರೋಅಡೆನೋಮಾವನ್ನು ಸಿಪ್ಪೆಯಿಂದ ಬಿಡಿಸಿ ತೆಗೆದರೂ ನಡೆಯುತ್ತದೆ. ಫಿಲ್ಲೋಡಿಸನ್ನು ಸುತ್ತಲ ಒಳ್ಳೆಯ ಅಂಗಾಂಶದ ಅಂಚು ಸಮೇತ ತೆಗೆಯದಿದ್ದರೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಸಣ್ಣ ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಜೀವಕೋಶಗಳಷ್ಟೇ ಸಿಗುವುದರಿಂದ ಇವೆರಡನ್ನು ಬೇರೆ ಮಾಡುವುದು ಕಷ್ಟ. ದಪ್ಪ ಸೂಜಿಯಿಂದ ಅಂಗಾಂಶದ ತುಣುಕನ್ನೇ ತೆಗೆಯುವ ಕೋರ್ ಬಯಾಪ್ಸಿ ಬೇಕು, ಕೆಲವೊಮ್ಮೆ ಅದೂ ಸಾಲದೆ ಇಡೀ ಗಡ್ಡೆಯನ್ನೇ ನೋಡಬೇಕಾಗುತ್ತದೆ. ದೇಹದಿಂದ ಹೊರತೆಗೆದ ಗಂಟು ಎಷ್ಟೇ ಚಿಕ್ಕದಿರಲಿ, ಎಷ್ಟೇ ಸಾಧುವಾಗಿ ಕಾಣಲಿ, ಪೆಥಾಲಜಿಗೆ ಹೋಗಲೇಬೇಕು. ಆಪರೇಷನ್ ಮಾಡಿಸಿಕೊಂಡವರು ಆ ವರದಿಯನ್ನು ಕೇಳಿ ಪಡೆದುಕೊಳ್ಳಬೇಕು.

ಗಂಟಿಗಿಂತ ಹೆಚ್ಚು ಜನ ಬರುವುದು ನೋವಿಗೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಯೂನಿಟ್ಟಿನಲ್ಲಿ ಕೆಲಸ ಮಾಡುವ 38ರ ಹೆಣ್ಣುಮಗಳು ಮುಟ್ಟಿಗೆ ಮುಂಚೆ ಹತ್ತು ದಿನ ಎರಡೂ ಕಡೆ ಭಾರ, ಕಂಕುಳವರೆಗೆ ಸೆಳೆತ, ಬ್ರಾ ಹಾಕಿಕೊಳ್ಳೋಕೂ ಆಗಲ್ಲ ಅಂದರು. ಮುಟ್ಟಾದ ಮೇಲೆ ಇಳಿಯುತ್ತದೆ. ಇದು ಹಾರ್ಮೋನಿನ ಏರಿಳಿತದ ನೋವು. ಇನ್ನೊಂದು ನೋವು ಸ್ತನದ್ದೇ ಅಲ್ಲ, ಅದರಡಿಯ ಪಕ್ಕೆಲುಬಿನ ಮೆದು ಮೂಳೆಯದ್ದು. ಎರಡನ್ನೂ ಬೇರೆ ಮಾಡಲು ಯಂತ್ರ ಬೇಡ. ಪಕ್ಕಕ್ಕೆ ತಿರುಗಿಸಿ ಮಲಗಿಸಿದರೆ ಸ್ತನ ಎದೆಗೂಡಿನಿಂದ ಆಚೆಗೆ ಜಾರುತ್ತದೆ. ಆಗ ಬರೀ ಪಕ್ಕೆಲುಬಿನ ಮೇಲೆ ಬೆರಳಿಟ್ಟು ಒತ್ತಬೇಕು. “ಅಲ್ಲೇ, ಅದೇ ನೋವು” ಅಂದರೆ ಸ್ತನಕ್ಕೆ ಸ್ಕ್ಯಾನ್ ಮಾಡಿ ಉಪಯೋಗವಿಲ್ಲ. ದಿನವಿಡೀ ಕೈ ಮುಂದೆ ಚಾಚಿ ಕೆಲಸ ಮಾಡುವವರಲ್ಲಿ, ತಲೆಹೊರೆ ಎತ್ತುವವರಲ್ಲಿ ಇದು ಸಾಮಾನ್ಯ. ಈಕೆಗೆ ಎರಡೂ ಇತ್ತು.

ಚಿಕಿತ್ಸೆ ಶುರುವಾಗುವುದು ಒಂದು ಪುಟದ ಕ್ಯಾಲೆಂಡರಿನಿಂದ. ಎರಡು ಮೂರು ತಿಂಗಳು ದಿನಕ್ಕೊಂದು ಗುರುತು: ನೋವಿಲ್ಲದಿದ್ದರೆ ಸೊನ್ನೆ, ಸ್ವಲ್ಪ ಇದ್ದರೆ ಒಂದು, ಕೆಲಸ ನಿಲ್ಲಿಸುವಷ್ಟಿದ್ದರೆ ಎರಡು, ಮುಟ್ಟಾದ ದಿನಕ್ಕೆ ಒಂದು ಸುತ್ತು. ಓದು ಬಾರದವರಿಗೆ ಮನೆಯ ಮಕ್ಕಳು ಹಾಕಿಕೊಡುತ್ತಾರೆ. ಆ ಹಾಳೆ ನೋಡಿದರೆ ಯಾವ ನೋವು ಅಂತ ಅರ್ಧ ತೀರ್ಮಾನವಾಗುತ್ತದೆ. ಕ್ಯಾನ್ಸರ್ ಅಲ್ಲ ಅಂತ ಪರೀಕ್ಷೆ ಮಾಡಿ ಹೇಳಿದ ಮೇಲೆ ಹೆಚ್ಚಿನವರಿಗೆ ಬೇರೆ ಔಷಧಿಯೇ ಬೇಕಾಗುವುದಿಲ್ಲ. ಭಯವೂ ನೋವಿನ ಒಂದು ಪಾಲು. ಸರಿಯಾದ ಅಳತೆಯ, ಅಡಿಯಿಂದ ಎತ್ತಿ ಹಿಡಿಯುವ ಬ್ರಾ ಹಗಲು ಹೊತ್ತು, ನೋವು ಜೋರಿರುವ ದಿನಗಳಲ್ಲಿ ರಾತ್ರಿ ಮೆತ್ತನೆಯದೊಂದು. ಬಿಗಿ ರವಿಕೆ ಒತ್ತುತ್ತದೆ, ಎತ್ತಿ ಹಿಡಿಯುವುದಿಲ್ಲ. ಡೈಕ್ಲೋಫೆನಾಕ್ ಜೆಲ್ ದಿನಕ್ಕೆ ಮೂರು ಸಲ ತೆಳುವಾಗಿ ಸವರಿದರೆ ಎರಡೂ ಬಗೆಯ ನೋವಿಗೆ ಆಗುತ್ತದೆ, ಹೊಟ್ಟೆಗೆ ತೊಂದರೆಯೂ ಕಡಿಮೆ. ವಿಟಮಿನ್ ಇ ಮತ್ತು ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲುಗಳನ್ನು ಚೀಟಿ ತುಂಬ ಬರೆಯುವ ರೂಢಿ ಇದೆ. ಸುಳ್ಳು ಮಾತ್ರೆಗಿಂತ ಅವು ಮೇಲು ಅಂತ ತೋರಿಸುವ ಗಟ್ಟಿ ಆಧಾರ ಇಲ್ಲ, ಬೆಲೆ ಮಾತ್ರ ಗಟ್ಟಿ.

ಇಷ್ಟಕ್ಕೂ ಬಗ್ಗದ ನೋವಿಗೆ ಸೆಂಟ್‌ಕ್ರೋಮನ್ ಇದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭ ತಡೆಗೆ ‘ಛಾಯಾ’ ಅಂತ ಉಚಿತವಾಗಿ ಕೊಡುವ ಮಾತ್ರೆಯೇ ಇದು. ಎದೆ ನೋವಿಗೆ 30 ಮಿ.ಗ್ರಾಂ. ದಿನ ಬಿಟ್ಟು ದಿನ, ಸುಮಾರು 3 ತಿಂಗಳು. ಮುಟ್ಟು ಮುಂದಕ್ಕೆ ಹೋಗುತ್ತದೆ ಅಂತ ಮೊದಲೇ ಹೇಳದಿದ್ದರೆ ಗರ್ಭ ನಿಂತಿದೆ ಅಂದುಕೊಂಡು ಮಾತ್ರೆ ಬಿಟ್ಟುಬಿಡುತ್ತಾರೆ. ಅಂಡಾಶಯದಲ್ಲಿ ನೀರುಗುಳ್ಳೆ ಇರುವವರಿಗೆ, ಮಗು ಬೇಕು ಅನ್ನುವವರಿಗೆ, ಲಿವರ್ ತೊಂದರೆಯವರಿಗೆ ಇದು ಬೇಡ. ಟ್ಯಾಮೋಕ್ಸಿಫೆನ್ 10 ಮಿ.ಗ್ರಾಂ. ಕೂಡ ಕೆಲಸ ಮಾಡುತ್ತದೆ, ಆದರೆ ಕ್ಯಾನ್ಸರ್ ಮಾತ್ರೆ ಅನ್ನುವ ಹೆಸರು ಅದಕ್ಕೆ ಅಂಟಿದೆ. ಮೆಡಿಕಲ್ ಶಾಪಿನಲ್ಲಿ ಯಾರಾದರೂ ಹಾಗಂದರೆ ಮನೆಯೆಲ್ಲ ಗೋಳು.

ಈಕೆಯ ಹಳೆಯ ಸ್ಕ್ಯಾನಿನಲ್ಲಿ ‘ಫೈಬ್ರೋಅಡೆನೋಸಿಸ್’ ಅಂತ ಬರೆದಿತ್ತು. ಎರಡು ವರ್ಷದಿಂದ ಅದನ್ನೇ ಒಂದು ಕಾಯಿಲೆ ಅಂತ ಹೊತ್ತು ತಿರುಗಿದ್ದಾರೆ. ಬ್ರಿಟನ್ನಿನ ಕಾರ್ಡಿಫ್‌ನ ಸರ್ಜನ್ನುಗಳು 1987ರಲ್ಲೇ ಈ ಗೊಂದಲ ತಿಳಿಗೊಳಿಸಿದ್ದರು. ಮೈನೆರೆದಾಗಿನಿಂದ ಮುಟ್ಟು ನಿಲ್ಲುವವರೆಗೆ ಸ್ತನ ಬೆಳೆದು, ತಿಂಗಳು ತಿಂಗಳು ಉಬ್ಬಿ ಇಳಿದು, ಕೊನೆಗೆ ಕರಗುತ್ತದೆ. ಈ ಹಾದಿಯಲ್ಲಿ ಆಗುವ ಸಣ್ಣ ವ್ಯತ್ಯಾಸಗಳನ್ನೆಲ್ಲ ರೋಗ ಅನ್ನಬಾರದು ಅನ್ನುವುದು ಅವರ ವಾದ. ಬೆಳೆಯುವ ಕಾಲದ ವ್ಯತ್ಯಾಸ ಫೈಬ್ರೋಅಡೆನೋಮಾ, ಏರಿಳಿತದ ಕಾಲದ್ದು ನೋವು ಮತ್ತು ಗಂಟುಗಂಟು, ಕರಗುವ ಕಾಲದ್ದು ನೀರುಗುಳ್ಳೆ. ಅಷ್ಟಾದರೂ ರಿಪೋರ್ಟುಗಳಲ್ಲಿ ಹಳೆಯ ಹೆಸರುಗಳು ಹೋಗಿಲ್ಲ.

ನೀರುಗುಳ್ಳೆಯದ್ದು ಬೇಗ ಮುಗಿಯುವ ಕೆಲಸ. ಸಾಮಾನ್ಯವಾಗಿ 35ರಿಂದ 50ರವರು, ರಾತ್ರೋರಾತ್ರಿ ಬಂದ ಹಾಗೆ ದಿಢೀರ್ ಗಂಟು. ಸ್ಕ್ಯಾನಿನಲ್ಲಿ ಬರೀ ನೀರು, ತೆಳು ಗೋಡೆ, ತೊಂದರೆ ಇಲ್ಲ ಅಂದರೆ ಮುಟ್ಟಬೇಕಾಗಿಯೇ ಇಲ್ಲ. ನೋವಿದ್ದರೆ 21 ಗೇಜ್ ಸೂಜಿ, 10 ಮಿ.ಲೀ. ಸಿರಿಂಜ್. ಹಳದಿ ಅಥವಾ ಹಸಿರು ನೀರು ಬಂದು ಗಂಟು ಪೂರಾ ಮಾಯವಾದರೆ ಆ ನೀರನ್ನು ಚೆಲ್ಲಬಹುದು. ರಕ್ತ ಬೆರೆತಿದ್ದರೆ ಲ್ಯಾಬಿಗೆ. ನೀರು ತೆಗೆದ ಮೇಲೂ ಗಟ್ಟಿ ಉಳಿದರೆ, ಅಥವಾ ಅದೇ ಜಾಗದಲ್ಲಿ ಮತ್ತೆ ಮತ್ತೆ ತುಂಬಿದರೆ ಬಯಾಪ್ಸಿ. 4ರಿಂದ 6 ವಾರದ ನಂತರ ಒಮ್ಮೆ ನೋಡಬೇಕು.

ಹನ್ನೊಂದರ ಹೊತ್ತಿಗೆ ಆಟೋದಲ್ಲಿ ಒಬ್ಬ ಬಾಣಂತಿ ಬಂದಳು. ಚೊಚ್ಚಲ ಹೆರಿಗೆಯಾಗಿ ಐದು ವಾರ, ತವರಲ್ಲಿದ್ದಾಳೆ. ಮೈ ಕೆಂಡ, ಎಡ ಎದೆಯ ಹೊರಭಾಗ ಕೆಂಪಗೆ, ಬಿಗಿಯಾಗಿ, ಮುಟ್ಟಿಸಿಕೊಳ್ಳಲೂ ಆಗದು. ಅಜ್ಜಿ ವಿವರಿಸಿದರು. ಹಾಲು ಕಟ್ಟಿತು ಅಂತ ಬಿಸಿನೀರು ಹೊಯ್ದು, ಹರಳೆಣ್ಣೆ ಹಚ್ಚಿ, ಕೈಯಿಂದ ಜೋರಾಗಿ ಇಳಿತಿಕ್ಕಿದ್ದಾರೆ, ದಿನಾ ಎರಡು ಸಲ. ಅದಕ್ಕೂ ಕಡಿಮೆಯಾಗದಾಗ ಮಲ್ಲಿಗೆ ಹೂ ಕಟ್ಟಿ, ಆ ಕಡೆ ಹಾಲು ಕೊಡುವುದನ್ನೇ ನಿಲ್ಲಿಸಿದ್ದಾರೆ. “ಕೆಟ್ಟ ಹಾಲು ಕುಡಿದ್ರೆ ಮಗೀಗೆ ಭೇದಿ ಆಗಲ್ವಾ ಮೇಡಂ?”

ಅಜ್ಜಿಯ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಆ ಎದೆಯಲ್ಲಿ ಆದದ್ದೇ ಬೇರೆ. ಮಗು ತೊಟ್ಟನ್ನಷ್ಟೇ ಕಚ್ಚಿ, ಕಪ್ಪು ಭಾಗವನ್ನು ಬಾಯಿ ತುಂಬ ತೆಗೆದುಕೊಳ್ಳದಿದ್ದರೆ ತೊಟ್ಟು ಬಿರಿಯುತ್ತದೆ. ಬಿರುಕಿನಲ್ಲಿ ಸ್ಟ್ಯಾಫಿಲೋಕಾಕಸ್ ಅನ್ನುವ ಚರ್ಮದ ಬ್ಯಾಕ್ಟೀರಿಯಾ ಒಳಹೋಗುತ್ತದೆ. ಅದೇ ಹೊತ್ತಿಗೆ ಹಾಲಿನ ನಾಳಗಳ ಸುತ್ತ ಊತ ಬಂದು ನಾಳಗಳೇ ಇರುಕಾಗುತ್ತವೆ. ಒಳಗೆ ಹಾಲು ಹೆಪ್ಪುಗಟ್ಟಿ ಕುಳಿತಿದೆ, ಒತ್ತಿ ಹೊರಹಾಕಬೇಕು ಅನ್ನುವುದು ಎಲ್ಲರ ನಂಬಿಕೆ. ಇತ್ತೀಚಿನವರೆಗೆ ನಾವು ವೈದ್ಯರೂ ಅದನ್ನೇ ಹೇಳುತ್ತಿದ್ದೆವು. ಈಗಿನ ತಿಳುವಳಿಕೆ ಬೇರೆ. ಇದು ಊತ, ಜೋರಾಗಿ ತಿಕ್ಕಿದಷ್ಟೂ ಸಣ್ಣ ರಕ್ತನಾಳಗಳು ಜಜ್ಜಿ ಊತ ಏರುತ್ತದೆ. ಬಿಸಿನೀರಿಗಿಂತ ತಣ್ಣನೆ ಬಟ್ಟೆ ವಾಸಿ, 10–15 ನಿಮಿಷದ ಹಾಗೆ ದಿನಕ್ಕೆ ನಾಲ್ಕಾರು ಸಲ. ತಿಕ್ಕಲೇಬೇಕು ಅನ್ನಿಸಿದರೆ ಚರ್ಮವಷ್ಟೇ ಸರಿಯುವಂತೆ, ಕಂಕುಳ ಕಡೆಗೆ, ಬೆಕ್ಕಿನ ಮರಿ ಸವರುವಷ್ಟು ಹಗುರವಾಗಿ. ನೋವಿಗೆ ಐಬುಪ್ರೊಫೆನ್ 400 ಮಿ.ಗ್ರಾಂ. ಊಟದ ಮೇಲೆ ದಿನಕ್ಕೆ ಮೂರು ಸಲ, ಇಲ್ಲವೇ ಪ್ಯಾರಾಸಿಟಮಾಲ್. ಹಾಲುಣಿಸುವಾಗ ಎರಡೂ ಸುರಕ್ಷಿತ.

ಹಾಲು ನಿಲ್ಲಿಸಬಾರದು. ಎದೆ ಸೋಂಕಿನ ಹಾಲು ಮಗುವಿಗೆ ಕೆಟ್ಟದ್ದಲ್ಲ. ಏಕಾಏಕಿ ನಿಲ್ಲಿಸಿದರೆ ಒಳಗೆ ಹಾಲು ತುಂಬಿ ಸೋಂಕು ಕೀವಾಗುತ್ತದೆ. ಹಾಗಂತ ಖಾಲಿ ಮಾಡುತ್ತೇನೆ ಅಂತ ಪಂಪಿನಿಂದ ಹತ್ತು ಸಲ ತೆಗೆಯುವುದೂ ಬೇಡ, ದೇಹ ಇನ್ನಷ್ಟು ಹಾಲು ತಯಾರಿಸುತ್ತದೆ. ಮಗು ಕೇಳಿದಷ್ಟು, ಎಂದಿನಂತೆ. ಮಲ್ಲಿಗೆ ಹೂ ಹಾಲು ಇಳಿಸುತ್ತದೆ ಅನ್ನುವುದು ಪೂರಾ ಮೂಢನಂಬಿಕೆ ಏನಲ್ಲ, ಅದರ ಮೇಲೆ ಪರೀಕ್ಷೆಗಳೂ ನಡೆದಿವೆ. ಆದರೆ ಅದು ಹಾಲು ನಿಲ್ಲಿಸಲೇಬೇಕಾದವರಿಗೆ. ಈಕೆಗೆ ಹಾಲು ಬೇಕು.

ಒಂದು ದಿನ ಹೀಗೆ ನೋಡಿಕೊಂಡೂ ಜ್ವರ ಇಳಿಯದಿದ್ದರೆ ಆಂಟಿಬಯೋಟಿಕ್: ಕ್ಲಾಕ್ಸಾಸಿಲಿನ್ ಅಥವಾ ಸೆಫಲೆಕ್ಸಿನ್ 500 ಮಿ.ಗ್ರಾಂ. ದಿನಕ್ಕೆ ನಾಲ್ಕು ಸಲ, 10ರಿಂದ 14 ದಿನ. ಪೆನಿಸಿಲಿನ್ ಅಲರ್ಜಿ ಇದೆಯಾ ಅಂತ ಕೇಳಿಯೇ ಬರೆಯಬೇಕು. ಜ್ವರ ಬಿಟ್ಟಿತು ಅಂತ ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸುವುದು ಮರುಕಳಿಸಲು ಒಂದು ಕಾರಣ. 48 ಗಂಟೆಯಲ್ಲಿ ಇಳಿಮುಖ ಕಾಣದಿದ್ದರೆ ಒಳಗೆ ಕೀವು ನಿಂತಿದೆ ಅಂತ ತಿಳಿದು ಸ್ಕ್ಯಾನ್ ಮಾಡಿಸಬೇಕು. ಮೆತ್ತಗಾಗಲಿ, ಹಣ್ಣಾಗಲಿ ಅಂತ ಕಾಯುವುದು ತಪ್ಪು. ಸ್ತನದ ಕೀವು ಆಳದಲ್ಲಿರುತ್ತದೆ, ಮೇಲೆ ಮೆತ್ತಗಾಗುವ ಹೊತ್ತಿಗೆ ಒಳಗಿನ ಅರ್ಧ ಭಾಗ ಕರಗಿರುತ್ತದೆ.

ಈಕೆಯ ಸ್ಕ್ಯಾನಿನಲ್ಲಿ 4 ಸೆಂ.ಮೀ. ಕೀವು. ಅಜ್ಜಿ “ಕುಯ್ದು ಬತ್ತಿ ಇಡ್ತೀರಾ?” ಅಂತ ಅಳುಮುಖ ಮಾಡಿದರು. ಹಿಂದೆಲ್ಲ ಹಾಗೇ ಇತ್ತು. ಅರಿವಳಿಕೆ ಕೊಟ್ಟು, ಉದ್ದ ಗೀರು ಹಾಕಿ, ಒಳಗಿನ ಗೋಡೆಗಳನ್ನೆಲ್ಲ ಬೆರಳಿನಿಂದ ಒಡೆದು, ಗಾಜ್ ತುರುಕಿ ತಿಂಗಳುಗಟ್ಟಲೆ ಡ್ರೆಸಿಂಗ್. ಈಗ ಚರ್ಮ ಗಟ್ಟಿಯಿದ್ದರೆ ಸೂಜಿಯೇ ಸಾಕು. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಕೊಟ್ಟು, ಕೆಂಪು ಜಾಗದಿಂದ ಸ್ವಲ್ಪ ದೂರದಲ್ಲಿ ಒಳ್ಳೆಯ ಚರ್ಮದ ಮೂಲಕ 18 ಗೇಜ್ ಸೂಜಿಯನ್ನು ಸ್ಕ್ಯಾನ್ ನೋಡುತ್ತಾ ಒಳಬಿಟ್ಟು ಎಳೆಯುವುದು. ಕೀವು ಗಟ್ಟಿಯಿದ್ದರೆ ಸಲೈನ್ ಬಿಟ್ಟು ತೊಳೆದು ಮತ್ತೆ ಎಳೆಯುವುದು. ಮೊದಲ ಕೀವು ಕಲ್ಚರಿಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಪರೀಕ್ಷೆಗೆ, ಯಾಕೆಂದರೆ ಮಾಮೂಲಿ ಮಾತ್ರೆಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಈಗ ಅಪರೂಪವಲ್ಲ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ಸ್ಕ್ಯಾನ್, ಮತ್ತೆ ಸೂಜಿ, ಕೀವು ಬತ್ತುವವರೆಗೆ. ಒಂದೇ ಸಲಕ್ಕೆ ಮುಗಿಯುತ್ತದೆ ಅಂತ ಹೇಳಿ ಕಳಿಸಿದರೆ ಅವರು ವಾಪಸ್ ಬರುವುದಿಲ್ಲ, ಕೀವು ಬರುತ್ತದೆ. ಚರ್ಮ ತೆಳ್ಳಗಾಗಿ ಕಪ್ಪು ತಿರುಗಿದ್ದರೆ ಮಾತ್ರ ಸಣ್ಣ ಗೀರು. ಅಂದು ಸಿರಿಂಜಿನಲ್ಲಿ ಬಂದದ್ದು 25 ಮಿ.ಲೀ. ಹಸಿರು ಹಳದಿ ಕೀವು. ಸೂಜಿ ತೆಗೆದ ಮೇಲೆ ಸಿಸ್ಟರ್ ಆಕೆಯನ್ನು ಕೂರಿಸಿ, ಮಗುವಿನ ಗದ್ದ ಎದೆಗೆ ತಾಗುವಂತೆ, ಕೆಳದುಟಿ ಹೊರಕ್ಕೆ ಮಡಚುವಂತೆ ಹಿಡಿಸಿ ಹಾಲು ಕುಡಿಸಿ ತೋರಿಸಿದರು. ಆ ಹತ್ತು ನಿಮಿಷ ಆಂಟಿಬಯೋಟಿಕ್ಕಿನಷ್ಟೇ ಮುಖ್ಯ.

ಇದೇ ಅಜ್ಜಿ ಹೋಗುವ ಮುಂಚೆ ಮಗುವಿನ ಎದೆ ತೋರಿಸಿದರು. ಹುಟ್ಟಿದಾಗ ಎರಡೂ ಕಡೆ ಗಂಟು, ಹನಿ ಹಾಲು ಬರುತ್ತಿತ್ತು, ದಿನಾ ಹಿಂಡಿ ತೆಗೆದಿದ್ದಾರೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ತಾಯಿಯ ಹಾರ್ಮೋನು ಮಗುವಿಗೆ ದಾಟಿ ಗಂಡಿಗಾಗಲಿ ಹೆಣ್ಣಿಗಾಗಲಿ ಹೀಗಾಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಿಂಡಿದರೆ ಕೀವು, ಕೀವಿಗೆ ಗೀರು, ಹೆಣ್ಣುಮಗುವಾದರೆ ಆ ಮೊಗ್ಗಿಗೇ ಪೆಟ್ಟು. 9, 10 ವರ್ಷದ ಹುಡುಗಿಯರ ಕತೆಯೂ ಇದೇ. ಒಂದೇ ಕಡೆ ತೊಟ್ಟಿನಡಿ ನೋವಿನ ಬಿಲ್ಲೆ ಅಂತ ಕರೆತರುತ್ತಾರೆ. ಅದು ಸ್ತನದ ಮೊಳಕೆ. ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಬರಬಹುದು. ಅದನ್ನು ಗಂಟು ಅಂತ ತೆಗೆದರೆ ಆ ಕಡೆ ಸ್ತನ ಬೆಳೆಯುವುದೇ ಇಲ್ಲ. ಇಲ್ಲಿ ಸರ್ಜನ್ ಮಾಡಬೇಕಾದ ಕೆಲಸ ಚಾಕು ಕೆಳಗಿಡುವುದು.

ಮಧ್ಯಾಹ್ನದ ಮುಂಚೆ ಇನ್ನೊಬ್ಬರು, 33 ವರ್ಷ, ಬಾಗೇಪಲ್ಲಿ ಕಡೆಯವರು, ಕೊನೆಯ ಮಗುವಿಗೆ ಐದು ವರ್ಷ. ಎರಡೂ ತೊಟ್ಟಿನಿಂದ ಹಾಲಿನಂತೆ ಸೋರುತ್ತದೆ, ಮುಟ್ಟು ಏರುಪೇರು. ಇಂಥವರನ್ನು ಮೊದಲು ಕೇಳಬೇಕಾದದ್ದು ಮಾತ್ರೆಯ ಕವರ್. ಚೀಲದಿಂದ ತೆಗೆದರು: ಗ್ಯಾಸ್ಟ್ರಿಕ್‌ಗೆ ಅಂತ ಆರು ತಿಂಗಳಿಂದ ಬೆಳಗ್ಗೆ ಒಂದು ಕ್ಯಾಪ್ಸೂಲ್, ರಾಬಿಪ್ರಾಜೋಲ್ ಜೊತೆ ಲೆವೋಸಲ್ಪಿರೈಡ್. ಆಸಿಡ್ ಕಡಿಮೆ ಮಾಡುವ ಭಾಗದ್ದು ತಪ್ಪಿಲ್ಲ. ಜೊತೆಗೆ ಸೇರಿಸಿದ ಲೆವೋಸಲ್ಪಿರೈಡ್, ಡೊಂಪೆರಿಡೋನ್ ಇಂಥವು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಹಾಲು ಬರಿಸುತ್ತವೆ. ಮಾತ್ರೆ ನಿಲ್ಲಿಸಿ, ಗರ್ಭ ಪರೀಕ್ಷೆ ಮಾಡಿ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ನೋಡಿದರೆ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ. ಮಾನಸಿಕ ಚಿಕಿತ್ಸೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ. ಅವನ್ನು ಬರೆದ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಸೋರುವಿಕೆಯಲ್ಲಿ ಭಯಪಡಬೇಕಾದದ್ದು ಬೇರೆ: ಒಂದೇ ಕಡೆ, ಒಂದೇ ರಂಧ್ರದಿಂದ, ಹಿಂಡದೆಯೇ, ರಕ್ತ ಅಥವಾ ತಿಳಿನೀರು. ಅದು ಬಹುತೇಕ ನಾಳದೊಳಗಿನ ಪ್ಯಾಪಿಲೋಮಾ ಅನ್ನುವ ಸಾಧು ಗಡ್ಡೆಯೇ ಆದರೂ ಪರೀಕ್ಷೆ ಇಲ್ಲದೆ ಬಿಡುವಂತಿಲ್ಲ. ಹಲವು ರಂಧ್ರಗಳಿಂದ, ಹಿಂಡಿದಾಗ ಮಾತ್ರ ಬರುವ ಹಸಿರು–ಕಂದು ದ್ರವಕ್ಕೆ ಮದ್ದು ಒಂದೇ, ಹಿಂಡಿ ನೋಡುವುದನ್ನು ನಿಲ್ಲಿಸುವುದು.

ಆ ದಿನದ ಕಷ್ಟದ ಕೇಸು ಮುಳಬಾಗಿಲು ಕಡೆಯಿಂದ ಬಂದ 31ರ ಹೆಣ್ಣುಮಗಳು. ಬಲ ಎದೆಯಲ್ಲಿ ಗಟ್ಟಿ ಗಡ್ಡೆ, ಚರ್ಮ ಕೆಂಪು, ಎರಡು ಕಡೆ ಒಡೆದು ಸೋರುತ್ತಿದೆ. ಬೇರೆ ಬೇರೆ ಕಡೆ ಮೂರು ಸಲ ಗೀರು ಹಾಕಿಸಿಕೊಂಡಿದ್ದಾರೆ, ಪ್ರತಿ ಸಲ ಗಾಯ ಮಾಯದೆ ಹೊಸ ಬಾಯಿ. ಹಾಲುಣಿಸುವುದು ನಿಲ್ಲಿಸಿ ಎರಡು ವರ್ಷವಾಗಿದೆ. ಹಾಲುಣಿಸದವರ ಎದೆಯಲ್ಲಿ ಕೀವು ಬಂದರೆ, ಆಂಟಿಬಯೋಟಿಕ್ಕಿಗೆ ಒಂದೆರಡು ವಾರದಲ್ಲಿ ಬಗ್ಗದಿದ್ದರೆ, ಬಯಾಪ್ಸಿ ಇಲ್ಲದೆ ಮುಂದೆ ಹೋಗಬಾರದು. ಕೆಂಪಾಗಿ ಊದುವ ಒಂದು ಬಗೆಯ ಕ್ಯಾನ್ಸರ್ ಸೋಂಕಿನಂತೆಯೇ ಕಾಣುತ್ತದೆ. ಅದಲ್ಲದಿದ್ದರೆ ಉಳಿಯುವುದು ಮುಖ್ಯವಾಗಿ ಎರಡು. ಒಂದು ಸ್ತನದ ಕ್ಷಯ, ಇನ್ನೊಂದು ಗ್ರ್ಯಾನುಲೋಮಾಟಸ್ ಮ್ಯಾಸ್ಟೈಟಿಸ್, ಅಂದರೆ ಕಾರಣ ಇಂಥದ್ದೇ ಅಂತ ಗೊತ್ತಿಲ್ಲದ ಒಂದು ಬಗೆಯ ಉರಿಯೂತ, ಹೆತ್ತ ಕೆಲವು ವರ್ಷಗಳೊಳಗಿನವರಲ್ಲಿ ಹೆಚ್ಚು. ಇವೆರಡೂ ಹೊರಗೆ ಒಂದೇ ಥರ, ಸೂಕ್ಷ್ಮದರ್ಶಕದಲ್ಲೂ ಹತ್ತಿರ ಹತ್ತಿರ. ಚಿಕಿತ್ಸೆ ಮಾತ್ರ ತದ್ವಿರುದ್ಧ. ಎರಡನೆಯದಕ್ಕೆ ಪ್ರೆಡ್ನಿಸಲೋನ್ ಸ್ಟೀರಾಯ್ಡ್ ಕೊಡುತ್ತೇವೆ, ಕ್ಷಯವಿದ್ದು ಅದನ್ನೊಂದೇ ಕೊಟ್ಟರೆ ರೋಗ ಹಬ್ಬುತ್ತದೆ.

ಇಲ್ಲಿ ಎಲ್ಲವೂ ನಿಂತಿರುವುದು ಎರಡು ಪುಟ್ಟ ಡಬ್ಬಿಗಳ ಮೇಲೆ. ಕೋರ್ ಬಯಾಪ್ಸಿಗೆ 14 ಗೇಜ್ ಗನ್ (ಸೂಜಿಯನ್ನು ಚಿಮ್ಮಿಸುವ ಸಾಧನ), ಲಿಗ್ನೊಕೇನ್, ಬ್ಲೇಡಿನ ತುದಿಯಲ್ಲಿ 2–3 ಮಿ.ಮೀ. ಗೀರು. ಗನ್ನಿನ ಶಬ್ದಕ್ಕೇ ಹೆದರುತ್ತಾರೆ, ಹಾಗಾಗಿ ಮೊದಲು ಗಾಳಿಯಲ್ಲಿ ಒಮ್ಮೆ ಟಕ್ ಅನ್ನಿಸಿ ಕೇಳಿಸುವುದು ವಾಡಿಕೆ. ಸೂಜಿಯನ್ನು ಎದೆಗೂಡಿಗೆ ಸಮವಾಗಿ ಹಿಡಿಯಬೇಕು, ನೇರ ಒಳಮುಖವಾಗಿ ಹಿಡಿದರೆ ಶ್ವಾಸಕೋಶಕ್ಕೆ ಚುಚ್ಚುವ ಅಪಾಯವಿದೆ. ನಾಲ್ಕೈದು ತುಣುಕು ತೆಗೆದು ಹೆಚ್ಚಿನವನ್ನು ಫಾರ್ಮಲಿನ್ ಇರುವ ಡಬ್ಬಿಗೆ, ಶೇ. 10ರ ದ್ರಾವಣ, ತುಣುಕಿನ ಹತ್ತು ಪಟ್ಟಾದರೂ ಇರುವಂತೆ. ಒಂದೆರಡನ್ನು ಬರೀ ನಾರ್ಮಲ್ ಸಲೈನ್ ಇರುವ ಡಬ್ಬಿಗೆ. ಕ್ಷಯ ಪತ್ತೆಯ ಸಿಬಿನ್ಯಾಟ್ ಪರೀಕ್ಷೆ ಮತ್ತು ಕಲ್ಚರ್ ಇದರಲ್ಲೇ ಆಗುವುದು. ಎಲ್ಲವನ್ನೂ ಫಾರ್ಮಲಿನ್ನಿಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಕಲ್ಚರ್ ಕೈಕೊಡುತ್ತದೆ. ಎಲ್ಲವನ್ನೂ ಸಲೈನಿಗೆ ಹಾಕಿದರೆ ಅಂಗಾಂಶ ಕೊಳೆತು ಪೆಥಾಲಜಿಸ್ಟಿಗೆ ಏನೂ ಸಿಗುವುದಿಲ್ಲ. ಎರಡೂ ತಪ್ಪು ನಡೆಯುತ್ತಲೇ ಇರುತ್ತವೆ. ಹೆಸರು, ಯಾವ ಕಡೆ, ಸ್ತನವನ್ನು ಗಡಿಯಾರ ಅಂದುಕೊಂಡರೆ ಎಷ್ಟು ಗಂಟೆಯ ಜಾಗ, ತೊಟ್ಟಿನಿಂದ ಎಷ್ಟು ಸೆಂ.ಮೀ. ಅಂತ ಡಬ್ಬಿಯ ಮೈಮೇಲೆ ಬರೆಯಬೇಕು, ಮುಚ್ಚಳ ಅದಲುಬದಲಾಗುತ್ತದೆ.

“ಸೂಜಿ ಚುಚ್ಚಿದ್ರೆ ಹರಡುತ್ತಂತಲ್ಲಾ ಮೇಡಂ?” ಅಂತ ಆಕೆಯ ಅತ್ತಿಗೆ ಕೇಳಿದರು. ಹರಡುವುದಿಲ್ಲ. ಬದಲಿಗೆ ಹೆಸರಿಲ್ಲದ ಕಾಯಿಲೆಗೆ ಮೂರು ಸಲ ಚಾಕು ಹಾಕಿದ್ದರಿಂದ ಆದದ್ದು ಕಣ್ಣೆದುರಿಗೇ ಇತ್ತು. ಕ್ಷಯ ಅಂತ ಬಂದರೆ 6 ತಿಂಗಳ ಮಾತ್ರೆ ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ಇನ್ನೊಂದು ಅಂತ ಬಂದರೆ ಸ್ಟೀರಾಯ್ಡನ್ನು ನಿಧಾನ ಇಳಿಸುತ್ತಾ ತಿಂಗಳುಗಟ್ಟಲೆ ಕಾಯಬೇಕು; ಶುಗರ್ ನೋಡುತ್ತಿರಬೇಕು; ತಾನಾಗಿ ಆರುವವೂ ಇವೆ. ಯಾವುದಕ್ಕೂ ದೊಡ್ಡ ಆಪರೇಷನ್ ಮೊದಲ ಮದ್ದಲ್ಲ.

ಉಳಿದವರು ಬೇಗ ಮುಗಿದರು. ಹಾಲು ಕರೆಯುವಾಗ ಹಸು ಒದ್ದ ಜಾಗದಲ್ಲಿ ಎರಡು ತಿಂಗಳ ಮೇಲೆ ಕಲ್ಲಿನಂಥ ಗಂಟು ಬಂದ 52ರ ಒಬ್ಬರು: ಕೊಬ್ಬು ಸತ್ತು ಗಟ್ಟಿಯಾದದ್ದೇ ಇರಬಹುದು, ಆದರೆ ಕೈಗೂ ಮ್ಯಾಮೋಗ್ರಾಂಗೂ ಅದು ಕ್ಯಾನ್ಸರಿನಂತೆಯೇ ಕಾಣುವುದುಂಟು, ಒದೆಯ ಕತೆ ನಂಬಿ ಸೂಜಿ ಬಿಡುವಂತಿಲ್ಲ. ಹೆರಿಗೆಯಾದ ಮೂರನೇ ದಿನ ಎರಡೂ ಕಂಕುಳಲ್ಲಿ ಊತ ಬಂದವಳು: ಹುಟ್ಟಿನಿಂದ ಇದ್ದ ಹೆಚ್ಚುವರಿ ಸ್ತನ ಅಂಗಾಂಶ, ಹಾಲಿಗೆ ಉಬ್ಬಿದೆ, ತಣ್ಣನೆ ಬಟ್ಟೆ ಸಾಕು. ಶರ್ಟು ಬಿಚ್ಚಲು ನಾಚುವ 14ರ ಹುಡುಗ: ಆ ವಯಸ್ಸಿನಲ್ಲಿ ಎದೆ ಉಬ್ಬುವುದು ಸಾಮಾನ್ಯ, ಒಂದೆರಡು ವರ್ಷದಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ, ವೃಷಣ ಪರೀಕ್ಷೆ ಮಾತ್ರ ಮರೆಯಬಾರದು. ಒಂದೇ ತೊಟ್ಟಿನ ಮೇಲೆ ಎರಡು ತಿಂಗಳಿಂದ ಗಜ್ಜಿಯಂಥ ಹುಣ್ಣು, ಮುಲಾಮಿಗೆ ಬಗ್ಗಿಲ್ಲ: ಇದನ್ನು ಚರ್ಮರೋಗ ಅಂತ ಇನ್ನೊಂದು ಮುಲಾಮು ಕೊಡದೆ ಅಂದೇ ಬಯಾಪ್ಸಿಗೆ ಬರೆದೆವು, ಪ್ಯಾಜೆಟ್ ಅನ್ನುವ ಕ್ಯಾನ್ಸರ್ ಹೀಗೇ ಶುರುವಾಗುತ್ತದೆ.

ವರದಿಗಳು ವಾರದಲ್ಲಿ ಬರುತ್ತವೆ, ಓದುವ ಕೆಲಸ ಆಗ. ‘ಸಾಧು’ ಅಂತ ಬರೆದ ವರದಿಯಲ್ಲೂ ‘ಎಟಿಪಿಕಲ್ ಹೈಪರ್‌ಪ್ಲೇಸಿಯಾ’ (ಜೀವಕೋಶಗಳು ಅಸಹಜ ರೂಪದಲ್ಲಿ ಹೆಚ್ಚಿರುವುದು) ಅನ್ನುವ ಪದ ಎಲ್ಲೋ ಮೂಲೆಯಲ್ಲಿದ್ದರೆ ಆಕೆಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಇತರರಿಗಿಂತ ಸುಮಾರು 4 ಪಟ್ಟು. ಆ ಜಾಗವನ್ನು ಸಾಮಾನ್ಯವಾಗಿ ತೆಗೆದು ನೋಡಬೇಕು, ವರ್ಷ ವರ್ಷ ಮ್ಯಾಮೋಗ್ರಾಂ ಬೇಕು. ಮಾಮೂಲಿ ಫೈಬ್ರೋಅಡೆನೋಮಾ, ನೀರುಗುಳ್ಳೆಗೆ ಅಂಥ ಚಿಂತೆ ಇಲ್ಲ. ಇನ್ನೊಂದು, ಕೈಗೆ ಗಟ್ಟಿ, ಸ್ಕ್ಯಾನಿನಲ್ಲಿ ಬೈರಾಡ್ಸ್ 5, ಆದರೆ ಸೂಜಿಯ ವರದಿ ‘ಕ್ಯಾನ್ಸರ್ ಇಲ್ಲ’ ಅಂದರೆ ಸಿಹಿ ಹಂಚಿ ಮನೆಗೆ ಕಳಿಸಬಾರದು. ಸೂಜಿ ಗಂಟಿನ ಪಕ್ಕ ಹೋಗಿರಬಹುದು. ಮೂರೂ ಹೊಂದದಿದ್ದಾಗ ಸ್ಕ್ಯಾನ್ ನೋಡುತ್ತಾ ಮತ್ತೆ ಸೂಜಿ ಹಾಕಬೇಕು, ಅದೂ ಹೊಂದದಿದ್ದರೆ ಇಡೀ ಗಂಟು ತೆಗೆದು ನೋಡಬೇಕು, ಇಲ್ಲವೇ ಚೀಟಿ, ಫಿಲ್ಮ್, ಗಾಜಿನ ಸ್ಲೈಡುಗಳ ಸಮೇತ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಡಬೇಕು. ಸ್ಲೈಡು ಮರೆತು ಹೋದವರಿಗೆ ಅಲ್ಲಿ ಮತ್ತೆ ಮೊದಲಿಂದ ಬಯಾಪ್ಸಿ.